ಸೂಪರ್‌ಸ್ಟಿಷನ್ ಬೆಟ್ಟಕ್ಕೆ ಹೊರಟಿದ್ದೀರಾ?

ಅರಿಜೋನಾದ ಫೀನಿಕ್ಸ್, ಚಾಂಡ್ಲರ್ ಕಡೆ ಕೆಲಸಕ್ಕೋ ಮಗಳ ಮನೆಗೋ ಹೋದವರು ರಜೆಯ ದಿನ ಸೂಪರ್‌ಸ್ಟಿಷನ್ ಬೆಟ್ಟಗಳ ಪೆರಾಲ್ಟಾ ದಾರಿ ಹಿಡಿಯುವುದುಂಟು. ಟಾಂಟೋ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ ಸಾರ್ವಜನಿಕ ಜಾಗ ಅದು. ಏರುದಾರಿಯ ತುದಿಯಾದ ಫ್ರೀಮಾಂಟ್ ಸ್ಯಾಡಲ್‌ವರೆಗೆ ಸುಮಾರು 4 ಕಿ.ಮೀ., ಏರು 400 ಮೀಟರಿನಷ್ಟು. ಕುಮಾರ ಪರ್ವತ ಹತ್ತಿದವರಿಗೆ ಇದು ಸಸಾರ ಅನ್ನಿಸೀತು. ಆದರೆ ಅಲ್ಲಿ ನಮ್ಮ ಘಟ್ಟದ ನೆರಳಿಲ್ಲ, ಹಳ್ಳದಲ್ಲಿ ನೀರು ಸಿಗುತ್ತದೆಂಬ ಭರವಸೆಯಿಲ್ಲ. ಒಣಹವೆಗೆ ಬೆವರು ಕಾಣಿಸುವ ಮೊದಲೇ ಆರಿಹೋಗುತ್ತದೆ. ಮೈಯ ನೀರು ಇಳಿಯುತ್ತಿರುವುದು ಗೊತ್ತೇ ಆಗುವುದಿಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ಬೇಸಿಗೆಯಲ್ಲಿ ಬೇಡವೇ ಬೇಡ. ತಲೆಗೆ 3 ಲೀಟರ್ ನೀರಿರಲಿ. ಅದರಲ್ಲಿ ಅರ್ಧ ಮುಗಿಯುವ ಮೊದಲೇ ಹಿಂದಿರುಗಿ, ತುದಿ ಎಷ್ಟೇ ಹತ್ತಿರ ಕಾಣಲಿ. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ವಾಕರಿಕೆ, ತಲೆಸುತ್ತು ಶುರುವಾಗಬಹುದು. ಅಮ್ಮ ಕಟ್ಟಿಕೊಟ್ಟ ಉಪ್ಪುಪ್ಪು ಕೋಡುಬಳೆಯ ಡಬ್ಬಿಗೆ ಇಲ್ಲಿ ನಿಜವಾದ ಉಪಯೋಗವಿದೆ.

ಜೇಬಿನಲ್ಲೊಂದು ಬಾಚಣಿಗೆ ಇಟ್ಟುಕೊಳ್ಳಿ. ನಗಬೇಡಿ! ಚೋಯಾ ಎಂಬ ಕಳ್ಳಿಯ ತುಂಡು ಸ್ವಲ್ಪ ತಾಗಿದರೂ ಗಿಡದಿಂದ ಕಳಚಿ ಕಾಲಿಗೆ ಕಚ್ಚಿಕೊಳ್ಳುತ್ತದೆ. ಮುಳ್ಳಿನಲ್ಲಿ ಹಿಮ್ಮುಖ ಕೊಕ್ಕೆಗಳಿರುವುದರಿಂದ, ಕೈಯಿಂದ ಕೀಳಲು ಹೋದರೆ ಬೆರಳಿಗೂ ಹತ್ತಿಕೊಳ್ಳುತ್ತದೆ. ಬಾಚಣಿಗೆಯ ಹಲ್ಲನ್ನು ತುಂಡಿಗೂ ಚರ್ಮಕ್ಕೂ ನಡುವೆ ತೂರಿಸಿ ಒಮ್ಮೆಲೇ ಚಿಮ್ಮಿಸಿ. ಎದುರಿಗೆ ಯಾರೂ ನಿಂತಿರಬಾರದು, ಅಷ್ಟೆ. ಉಳಿದ ಮುಳ್ಳಿಗೆ ಚಿಮಟ ಸಾಕು.

ಕಿತ್ತಳೆ ಸಿಪ್ಪೆಯನ್ನೂ ವಾಪಸ್ ತನ್ನಿ. ಆ ಒಣನೆಲದಲ್ಲಿ ಅದು ಬೇಗ ಕೊಳೆಯುವುದಿಲ್ಲ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿಯೇ ಹೊರಡಿ.