ಆಪರೇಷನ್‌ಗೆ ಮುಂಚೆ ನೀರನ್ನೂ ಕೊಡಬಾರದೆ?

ಪ್ರಶ್ನೆ: ನಾನು ಹೌಸ್ ಸರ್ಜನ್. ಮರುದಿನ ಆಪರೇಷನ್ ಇರುವವರ ಕೇಸ್ ಶೀಟಿನಲ್ಲಿ ‘ರಾತ್ರಿ 12ರಿಂದ ಎನ್‌ಪಿಓ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಮಧ್ಯಾಹ್ನದ ಸರದಿಯವರು ನಾಲಿಗೆ ಒಣಗಿ ನೀರು ಕೇಳಿದರೂ ಕೊಡುವಂತಿಲ್ಲ. ಪುಸ್ತಕದಲ್ಲಿ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ನೀರು ಕೊಡಬಹುದು ಎಂದಿದೆ. ಯಾವುದನ್ನು ನಂಬಲಿ?

ಉತ್ತರ: ಪುಸ್ತಕವನ್ನೇ ನಂಬಿ. ಅರಿವಳಿಕೆ ಏರಿದಾಗ ಕೆಮ್ಮಿ ಹೊರಹಾಕುವ ಶಕ್ತಿ ಉಡುಗುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ಈ ಭಯ ಸುಳ್ಳಲ್ಲ. ಇದಕ್ಕೆ ಆಧಾರ ಒದಗಿಸಿದ್ದು ನ್ಯೂಯಾರ್ಕಿನ ಪ್ರಸೂತಿ ತಜ್ಞ ಕರ್ಟಿಸ್ ಮೆಂಡಲ್ಸನ್ 1946ರಲ್ಲಿ ಪ್ರಕಟಿಸಿದ ಲೇಖನ. 44,016 ಗರ್ಭಿಣಿಯರ ದಾಖಲೆಗಳಲ್ಲಿ 66 ಮಂದಿಗೆ ಹೀಗಾಗಿತ್ತು. ಸತ್ತವರು ಇಬ್ಬರು, ಇಬ್ಬರೂ ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರುಕಟ್ಟಿದವರು. ಅನ್ನಕ್ಕೆಂದು ಹಾಕಿದ ಬೇಲಿಯೊಳಗೆ ಆಮೇಲೆ ನೀರನ್ನೂ ಕೂಡಿಹಾಕಿದ್ದೇವೆ. ಆದರೆ ಆರೋಗ್ಯವಂತರ ಹೊಟ್ಟೆಯಿಂದ ಅರ್ಧದಷ್ಟು ನೀರು ಸುಮಾರು 10ರಿಂದ 20 ನಿಮಿಷದಲ್ಲೇ ಕರುಳಿಗೆ ದಾಟುತ್ತದೆ. ಉಪವಾಸವಿದ್ದ ಹೊಟ್ಟೆಯೂ ಪೂರ್ತಿ ಬರಿದಾಗಿರುವುದಿಲ್ಲ. ಜಠರರಸ ಸ್ರವಿಸುತ್ತಲೇ ಇರುತ್ತದೆ, ಉಗುಳು ಒಳಗಿಳಿಯುತ್ತಲೇ ಇರುತ್ತದೆ. ವಯಸ್ಕರ ಮೇಲಿನ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2003ರ ಕಾಕ್ರೇನ್ ವಿಮರ್ಶೆಯಲ್ಲಿ, ರಾತ್ರಿಯಿಡೀ ಏನೂ ಕುಡಿಯದವರಿಗಿಂತ ನೀರು ಕುಡಿದವರ ಹೊಟ್ಟೆಯಲ್ಲೇ ಉಳಿಕೆ ಕಡಿಮೆಯಿತ್ತು. ಮೇಲಾಗಿ, ಒಣಗಿದ ಶರೀರಕ್ಕೆ ಪ್ರೊಪೊಫಾಲ್ ಕೊಟ್ಟರೆ ರಕ್ತನಾಳಗಳು ಸಡಿಲಗೊಂಡು ಬಿ.ಪಿ. ಇನ್ನಷ್ಟು ಕುಸಿಯುತ್ತದೆ. ವಯಸ್ಸಾದವರಲ್ಲಿ ಇದು ಸಣ್ಣ ಮಾತಲ್ಲ.

‘ಲಿಸ್ಟ್ ಹಿಂದುಮುಂದಾದರೆ?’ ಎಂಬುದು ವಾರ್ಡಿನ ಖಾಯಂ ಆಕ್ಷೇಪ. ಸರದಿ ಮುಂದಕ್ಕೆ ಬರುವಂತಿದ್ದರೆ, ಎರಡು ಗಂಟೆ ಮೊದಲೇ ಥಿಯೇಟರಿನಿಂದ ಒಂದು ಫೋನ್ ಬಂದರೆ ನೀರು ನಿಲ್ಲಿಸಬಹುದು. ತಡವಾದರೆ ಇನ್ನೊಂದು ಲೋಟ ಕೊಡಬಹುದು. ಆಡಳಿತದ ಅನುಕೂಲಕ್ಕೆ ರೋಗಿಯ ಗಂಟಲು ಒಣಗಬೇಕಿಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ನೀರು ಎಂದರೆ ಕಾಫಿ ಕುಡಿದು ಬರುತ್ತಾರೆ. ನಿಜ, ನಮ್ಮ ಕಾಫಿಯಲ್ಲಿ ಹಾಲಿದೆ, ಹಾಲು ಜಠರದ ಆಮ್ಲದಲ್ಲಿ ಒಡೆದು ಗಟ್ಟಿಯಾಗುತ್ತದೆ, ಅದಕ್ಕೆ ಆರು ಗಂಟೆ ಬೇಕು. ಗಂಜಿ, ಇಡ್ಲಿಗೂ ಆರೇ. ಪೂರಿ, ಬೋಂಡಾದಂಥ ಕರಿದದ್ದಕ್ಕೆ ಎಂಟು. ಎದೆಹಾಲು ಕುಡಿಯುವ ಕೂಸಿಗೆ ನಾಲ್ಕು ಸಾಕು. ಇದು ತಿಳಿಸಿ ಹೇಳಬೇಕಾದ ವಿಷಯವೇ ಹೊರತು ನೀರು ತಡೆಯಲು ಕಾರಣವಲ್ಲ.

ಆದರೆ ಎರಡು ಗಂಟೆಯ ಲೆಕ್ಕ ಎಲ್ಲರಿಗೂ ಒಪ್ಪುವುದಿಲ್ಲ. ಕರುಳು ಕಟ್ಟಿದವರು, ಹೆರಿಗೆ ನೋವಿನಲ್ಲಿರುವವರು, ಅಪಘಾತವಾಗಿ ಬಂದವರು, ಹಳೆಯ ಸಕ್ಕರೆ ಕಾಯಿಲೆಯಿಂದ ಜಠರದ ಚಲನೆ ಕುಗ್ಗಿದವರು, ತೂಕ ಇಳಿಸಲು ಸೆಮಗ್ಲುಟೈಡ್ ತೆಗೆದುಕೊಳ್ಳುವವರು: ಇವರ ಹೊಟ್ಟೆ ಎಷ್ಟು ಗಂಟೆ ಕಾದರೂ ತುಂಬಿರಬಹುದು. ಇಲ್ಲಿ ಗಡಿಯಾರವನ್ನು ನೆಚ್ಚದೆ, ಅಲ್ಟ್ರಾಸೌಂಡಿನಲ್ಲಿ ಜಠರ ನೋಡುವುದು, ಸಕ್ಸಿನಿಲ್‌ಕೋಲಿನ್ ಅಥವಾ ರೊಕ್ಯುರೋನಿಯಂ ಕೊಟ್ಟು ಬೇಗನೆ ಶ್ವಾಸನಾಳಕ್ಕೆ ನಳಿಕೆ ಇಳಿಸುವುದು ಅರಿವಳಿಕೆ ತಜ್ಞರ ಕೆಲಸ.

ಮುಂದಿನ ಸಲ ಕೇಸ್ ಶೀಟಿನಲ್ಲಿ ಬರೀ ‘ಎನ್‌ಪಿಓ’ ಎಂದು ಗೀಚಬೇಡಿ. ಊಟ ಎಷ್ಟು ಗಂಟೆಯವರೆಗೆ, ನೀರು ಎಷ್ಟು ಗಂಟೆಯವರೆಗೆ ಎಂದು ಅರಿವಳಿಕೆ ತಜ್ಞರನ್ನು ಕೇಳಿ ಬೇರೆಬೇರೆಯಾಗಿ ಬರೆಯಿರಿ, ಸಿಸ್ಟರ್‌ಗೂ ರೋಗಿಯ ಮನೆಯವರಿಗೂ ಬಾಯಿಬಿಟ್ಟು ಹೇಳಿ.