‘ಇಲ್ಲ’ ಎಂಬ ಉತ್ತರದ ಆಯಸ್ಸು

ನೆಟ್‌ವರ್ಕ್ ಫೈಲ್‌ಸಿಸ್ಟಂನ ಕರ್ನಲ್ ಕೋಡಿಗೆ ಹೊಸದಾಗಿ ಬರುವವರು ಕ್ಯಾಶ್ ಎಂದರೆ ಫೈಲಿನೊಳಗಿನ ಡೇಟಾ ಎಂದುಕೊಂಡಿರುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಡೇಟಾ ಅಲ್ಲ, ಹೆಸರುಗಳು. ಅದರಲ್ಲೂ ಇಲ್ಲದ ಫೈಲುಗಳ ಹೆಸರುಗಳು.

ಲಿನಕ್ಸ್‌ಗೆ ಒಂದು ಪಾಥ್ ಕೊಟ್ಟರೆ ಅದನ್ನು ಒಂದೊಂದೇ ತುಂಡಾಗಿ ಹುಡುಕುತ್ತಾ ಹೋಗುತ್ತದೆ. ಈ ಡೈರೆಕ್ಟರಿಯಲ್ಲಿ ಈ ಹೆಸರಿನದು ಇದೆಯೇ ಎಂದು ಕೇಳಿ, ಬಂದ ಉತ್ತರವನ್ನು ಡೆಂಟ್ರಿ ಎಂಬ ಸಣ್ಣ ರಚನೆಯಲ್ಲಿ ನೆನಪಿಟ್ಟುಕೊಳ್ಳುತ್ತದೆ. ಹೆಸರು ಸಿಕ್ಕಿದ್ದರೆ ಡೆಂಟ್ರಿಯಲ್ಲಿ ಒಂದು ಐನೋಡ್‌ನ, ಅಂದರೆ ಫೈಲಿನ ವಿವರವಿರುವ ರಚನೆಯ, ವಿಳಾಸವಿರುತ್ತದೆ. ಸಿಗದಿದ್ದರೂ ಡೆಂಟ್ರಿ ಉಳಿಯುತ್ತದೆ, ಐನೋಡ್‌ನ ಜಾಗ ಮಾತ್ರ ಖಾಲಿ. ಇದು ನೆಗೆಟಿವ್ ಡೆಂಟ್ರಿ. ಸ್ವಂತ ಡಿಸ್ಕಿನಲ್ಲಿ ಇದರಿಂದ ಯಾವ ತಕರಾರೂ ಇಲ್ಲ. ಅಲ್ಲಿ ಫೈಲ್ ಹುಟ್ಟುವುದೂ ಅಳಿಯುವುದೂ ಇದೇ ಕರ್ನಲ್‌ನ ಕೈಯಲ್ಲಿ. ನೆಟ್‌ವರ್ಕಿನಲ್ಲಾದರೆ ಇನ್ನೊಂದು ಯಂತ್ರ ಯಾರಿಗೂ ಹೇಳದೆ ಕೇಳದೆ ಅದೇ ಹೆಸರಿನ ಫೈಲನ್ನು ಸೃಷ್ಟಿಸಬಹುದು.

ಬೆಂಗಳೂರಿನ ಸ್ಟೋರೇಜ್ ತಂಡವೊಂದರಲ್ಲಿದ್ದಾಗ ನಮಗೆ ಗ್ರಾಹಕರಿಂದ ಬಂದ ದೂರು ಅಂಥದ್ದೇ. ಎರಡು ಯಂತ್ರಗಳು, ಒಂದೇ ಎನ್‌ಎಫ್‌ಎಸ್ ಮೌಂಟ್. ಮೊದಲನೆಯದು ಕೆಲಸ ಮುಗಿಸಿ ಒಂದು ಖಾಲಿ ಗುರುತಿನ ಫೈಲ್ ಇಡುತ್ತದೆ. ಎರಡನೆಯದು ಸೆಕೆಂಡಿಗೊಮ್ಮೆ ಆ ಫೈಲ್ ಬಂತೇ ಎಂದು ನೋಡುತ್ತದೆ. ಫೈಲ್ ಬಂದು ಹೆಚ್ಚುಕಡಿಮೆ ಒಂದು ನಿಮಿಷ ಕಳೆದರೂ ಎರಡನೆಯದಕ್ಕೆ ಅದು ಕಾಣದು. ಗ್ರಾಹಕರ ಕಡೆಯ ಹುಡುಗ ಫೋನಿನಲ್ಲಿ ಹೇಳಿದ: “ಸರ್, ನಾನು ಹೋಗಿ ಒಂದ್ಸಲ ಎಲ್‌ಎಸ್ ಹೊಡೆದ್ರೆ ತಕ್ಷಣ ಕಾಣುತ್ತೆ. ಸ್ಕ್ರಿಪ್ಟಿಗೆ ಮಾತ್ರ ಕಾಣಲ್ಲ.” ಪ್ಯಾಕೆಟ್ ಹಿಡಿದು ನೋಡಿದರೆ ಆ ಹೊತ್ತಿನಲ್ಲಿ ಲುಕಪ್ ವಿನಂತಿಯೇ ಇಲ್ಲ. ಸರ್ವರ್ ತಂಡದವರು ಹಾಯಾಗಿದ್ದರು. ನಮ್ಮನ್ನು ಯಾರೂ ಕೇಳಿಯೇ ಇಲ್ಲವಲ್ಲ ಎಂದರು. ಅದು ನಿಜವೂ ಆಗಿತ್ತು.

ಒಳಗೆ ನಡೆಯುತ್ತಿದ್ದುದು ಇಷ್ಟು. ಎನ್‌ಎಫ್‌ಎಸ್ ಕ್ಲೈಂಟ್ ಪ್ರತಿ ಡೆಂಟ್ರಿಯ ಮೇಲೂ ಅದರ ಪೇರೆಂಟ್ ಡೈರೆಕ್ಟರಿ ಆಗ ಯಾವ ಸ್ಥಿತಿಯಲ್ಲಿತ್ತು ಎಂಬ ಗುರುತು ಹಾಕಿಡುತ್ತದೆ. ಮತ್ತೆ ಅದೇ ಹೆಸರು ಕೇಳಿದಾಗ ಡಿ-ರೀವ್ಯಾಲಿಡೇಟ್ ಎಂಬ ಫಂಕ್ಷನ್ ಆ ಗುರುತನ್ನು ಡೈರೆಕ್ಟರಿಯ ಈಗಿನ ಗುರುತಿನ ಜೊತೆ ತಾಳೆ ನೋಡುತ್ತದೆ. ಆದರೆ ಆ ‘ಈಗಿನ’ ಗುರುತೂ ಕ್ಯಾಶಿನದೇ. ಡೈರೆಕ್ಟರಿಯ ಮಾಹಿತಿಗೆ ಡೀಫಾಲ್ಟ್ ಆಯಸ್ಸು ಕನಿಷ್ಠ 30 ಸೆಕೆಂಡ್, ಬಹಳ ಹೊತ್ತು ಬದಲಾಗದಿದ್ದರೆ 60ರವರೆಗೆ. ಎಲ್‌ಎಸ್ ಡೈರೆಕ್ಟರಿಯನ್ನು ಓಪನ್ ಮಾಡುತ್ತದೆ. ಓಪನ್ ಆದಾಗ ಕ್ಲೈಂಟ್ ಸರ್ವರನ್ನು ಕೇಳಲೇಬೇಕು. ಡೈರೆಕ್ಟರಿ ಬದಲಾಗಿದೆ ಎಂದು ತಿಳಿದ ಕೂಡಲೇ ಹಳೆಯ ನೆಗೆಟಿವ್ ಡೆಂಟ್ರಿಗಳ ಮೇಲಿನ ನಂಬಿಕೆ ಹೋಗುತ್ತದೆ.

ಅಲ್ಲಿಂದ ನಾನು ಕಲಿತದ್ದು, ‘ಇದೆ’ ಮತ್ತು ‘ಇಲ್ಲ’ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು. ‘ಇದೆ’ ಎಂಬುದು ಸುಳ್ಳಾಗಿದ್ದರೆ ಬೇಗ ಸಿಕ್ಕಿಬೀಳುತ್ತದೆ: ಹಳೆಯ ಫೈಲ್ ಹ್ಯಾಂಡಲ್ ಹಿಡಿದು ಸರ್ವರ್ ಬಳಿ ಹೋದರೆ ಅದು ಇಸ್ಟೇಲ್ (ಹ್ಯಾಂಡಲ್ ಹಳಸಿದೆ) ಎಂದು ಗದರಿಸುತ್ತದೆ, ಕರ್ನಲ್ ಇನ್ನೊಮ್ಮೆ ಮೊದಲಿನಿಂದ ಹುಡುಕುತ್ತದೆ. ‘ಇಲ್ಲ’ ಎಂಬುದಕ್ಕೆ ಹ್ಯಾಂಡಲ್ ಇಲ್ಲ, ಐನೋಡ್ ಇಲ್ಲ. ಹೊರಗೆ ವಿನಂತಿಯೇ ಹೋಗದ ಮೇಲೆ ತಪ್ಪು ತೋರಿಸುವವರು ಯಾರು? ಅದರ ಪ್ರಾಮಾಣಿಕತೆಗೆ ಇರುವ ಏಕೈಕ ಜಾಮೀನು ಪೇರೆಂಟ್ ಡೈರೆಕ್ಟರಿ.

ಆ ಜಾಮೀನೂ ಅಷ್ಟೇನೂ ಗಟ್ಟಿಯಲ್ಲ. ಎನ್‌ಎಫ್‌ಎಸ್ 3ನೇ ಆವೃತ್ತಿಯಲ್ಲಿ ಡೈರೆಕ್ಟರಿ ಬದಲಾಯಿತೇ ಎಂದು ತಿಳಿಯುವುದು ಅದರ ಸಮಯದ ಮೊಹರಿನಿಂದ. ಸರ್ವರಿನ ಎಕ್ಸ್‌ಟ್4 ಫೈಲ್‌ಸಿಸ್ಟಂ ನ್ಯಾನೋಸೆಕೆಂಡ್ ಅಂಕಿ ತೋರಿಸಿದರೂ ಬಹುಕಾಲ ಆ ಗಡಿಯಾರ ನಡೆದದ್ದು ಕರ್ನಲ್ ಟಿಕ್‌ನ ಲೆಕ್ಕದಲ್ಲಿ. ಸೆಕೆಂಡಿಗೆ 250 ಟಿಕ್ ಇದ್ದರೆ 4 ಮಿಲಿಸೆಕೆಂಡಿಗೊಮ್ಮೆ. ಅದರೊಳಗೆ ಎರಡು ಬದಲಾವಣೆ ಆದರೆ ಮೊಹರು ಒಂದೇ. 2025ರ ಜನವರಿಯ 6.13 ಕರ್ನಲ್‌ನಲ್ಲಿ ಯಾರಾದರೂ ಮೊಹರನ್ನು ಓದಿದ ಮೇಲಷ್ಟೇ ಸೂಕ್ಷ್ಮ ಸಮಯ ಬಳಸುವ ಏರ್ಪಾಡು ಬಂತು.

ಮೀಟಿಂಗಿನಲ್ಲಿ ಸಹಜವಾಗಿ ಬಂದ ಸಲಹೆ: ನೆಗೆಟಿವ್ ಕ್ಯಾಶನ್ನೇ ತೆಗೆದುಬಿಡೋಣ. ಅದಕ್ಕೆ ‘ಲುಕಪ್‌ಕ್ಯಾಶ್=ಪಾಸಿಟಿವ್’ ಎಂಬ ಮೌಂಟ್ ಆಯ್ಕೆ ಇದ್ದೇ ಇದೆ. ನಾನು ಒಪ್ಪಲಿಲ್ಲ. ಅದೇ ಮೌಂಟಿನ ಮೇಲೆ ಅವರ ಸಿ++ ಬಿಲ್ಡ್ ಕೂಡ ನಡೆಯುತ್ತಿತ್ತು. ಹೆಡರ್ ಫೈಲ್ 20ನೇ ಇನ್‌ಕ್ಲೂಡ್ ಡೈರೆಕ್ಟರಿಯಲ್ಲಿದ್ದರೆ ಕಂಪೈಲರ್ ಅದಕ್ಕೆ ಮೊದಲು 19 ಸಲ ‘ಇಲ್ಲ’ ಕೇಳಿಸಿಕೊಳ್ಳಬೇಕು. ಹೋಗಿಬರಲು ಅರ್ಧ ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ ಒಂದು ಹೆಡರಿಗೆ 9.5 ಮಿಲಿಸೆಕೆಂಡ್. ಸಾವಿರಾರು ಫೈಲುಗಳು, ಒಂದೊಂದರಲ್ಲೂ ನೂರಾರು ಹೆಡರುಗಳು. ಪೈಥಾನ್ ಇಂಪೋರ್ಟಿನ ಕಥೆಯೂ ಇದೇ. ಕಂಪ್ಯೂಟರಿನ ಬದುಕಿನಲ್ಲಿ ‘ಇಲ್ಲ’ ಎಷ್ಟು ದುಡಿಯುತ್ತದೆ ಎಂಬುದು ಅದನ್ನು ಕಿತ್ತುಹಾಕಿದಾಗಲೇ ಗೊತ್ತಾಗುವುದು.

ಇದರ ಅತಿರೇಕವೂ ಉಂಟು. ಒಂದು ಪ್ರಸಿದ್ಧ ಭದ್ರತಾ ಲೈಬ್ರರಿ ತಾನು ನೆಟ್‌ವರ್ಕ್ ಫೈಲ್‌ಸಿಸ್ಟಂ ಮೇಲಿದ್ದೇನೆಯೇ ಎಂದು ವೇಗ ಅಳೆದು ಪತ್ತೆಹಚ್ಚಲು, ಇಲ್ಲದ ಫೈಲುಗಳನ್ನು ರಾಶಿರಾಶಿ ಹುಡುಕುತ್ತಿತ್ತು. ಅದನ್ನು ಪದೇಪದೇ ಕರೆಯುವ ಸರ್ವರುಗಳಲ್ಲಿ ನೆಗೆಟಿವ್ ಡೆಂಟ್ರಿಗಳು ಮೆಮೊರಿ ತುಂಬಿಕೊಂಡು ಕೂತವು.

ಡಿ-ರೀವ್ಯಾಲಿಡೇಟ್‌ನ ಪರಿಶೀಲನೆಯ ಕೋಡನ್ನೇ ಜಾಣ ಮಾಡೋಣ ಎಂದರೆ ಅಲ್ಲೂ ಜಾಗ ಇಕ್ಕಟ್ಟು. 2011ರ 2.6.38ರಿಂದ ಕರ್ನಲ್ ಮೊದಲು ಯಾವ ಲಾಕೂ ಹಿಡಿಯದೆ, ನಿದ್ರಿಸದೆ ಪಾಥನ್ನು ದಾಟಲು ನೋಡುತ್ತದೆ. ಆಗ ಸರ್ವರನ್ನು ಕೇಳುವಂತಿಲ್ಲ. ಕೈಯಲ್ಲಾಗದಿದ್ದರೆ ಇಚೈಲ್ಡ್ ಎಂಬ ದೋಷಸಂಕೇತ ಕೊಟ್ಟು ಹಿಂದಿರುಗಿ ನಿಧಾನದ ದಾರಿ ಹಿಡಿಯಬೇಕು. ನಾವು ನೋಡುತ್ತಿರುವಾಗಲೇ ಇನ್ನೊಬ್ಬರು ಡೆಂಟ್ರಿಯ ಹೆಸರನ್ನೂ ಪೇರೆಂಟನ್ನೂ ಬದಲಿಸಿಬಿಡಬಹುದು. 6.14ರಿಂದ ಈಚೆಗೆ ಕರ್ನಲ್ಲೇ ಅವೆರಡನ್ನೂ ಸ್ಥಿರವಾಗಿ ಫಂಕ್ಷನ್ನಿನ ಕೈಗೆ ಕೊಡುತ್ತದೆ. ಅಷ್ಟು ವರ್ಷ ಪ್ರತಿ ಫೈಲ್‌ಸಿಸ್ಟಂ ಬರೆಯುವವರೂ ತಾವೇ ಈ ಜಾಗ್ರತೆ ವಹಿಸಬೇಕಿತ್ತು ಎನ್ನುವುದು ನನಗೆ ಈಗಲೂ ಸೋಜಿಗ.

ಗ್ರಾಹಕರಿಗೆ ಕೊನೆಗೆ ಹೇಳಿದ್ದು ಕರ್ನಲ್ ಪ್ಯಾಚ್ ಅಲ್ಲ. ಗುರುತಿನ ಫೈಲ್ ಮೊದಲಿನಿಂದಲೇ ಇರಲಿ. ಮುಗಿದಾಗ ಅದರೊಳಗೆ ಒಂದು ಅಂಕಿ ಬರೆದು ಕ್ಲೋಸ್ ಮಾಡಿ. ಕಾಯುವ ಯಂತ್ರ ಪ್ರತಿ ಸಲ ಅದನ್ನು ಓಪನ್ ಮಾಡಿ ಓದಲಿ. ಓಪನ್ ಮಾಡಿದಾಗ ಸರ್ವರನ್ನು ಕೇಳುವುದು ಎನ್‌ಎಫ್‌ಎಸ್‌ನ ಮೂಲ ಒಪ್ಪಂದ. ಇದ್ದ ಫೈಲಿಗೆ ಸಿಗುವ ಆ ರಕ್ಷಣೆ ಇಲ್ಲದ ಫೈಲಿಗೆ ಸಿಗುವುದಿಲ್ಲ.

ಮುಂದೆ ನಮ್ಮದೇ ಫೈಲ್‌ಸಿಸ್ಟಂ ಬರೆಯುವಾಗ ‘ಇದೆ’, ‘ಇಲ್ಲ’ ಎರಡಕ್ಕೂ ಬೇರೆಬೇರೆ ಆಯಸ್ಸು ಇಡಲೇಬೇಕೆಂದು ಹಟ ಹಿಡಿದೆ. ಕರ್ನಲ್‌ನ ಹೊರಗೆ ಫೈಲ್‌ಸಿಸ್ಟಂ ಬರೆಯಲು ಬಳಸುವ ಫ್ಯೂಸ್ ಲೈಬ್ರರಿಯಲ್ಲಿ ಈ ವಿಂಗಡಣೆ ಮೊದಲೇ ಇದೆ: ಸಿಕ್ಕ ಹೆಸರಿಗೆ ಡೀಫಾಲ್ಟ್ 1 ಸೆಕೆಂಡ್, ಸಿಗದ ಹೆಸರಿಗೆ 0. ಆ ಸೊನ್ನೆ ನಮ್ಮ ಬಿಲ್ಡ್‌ಗಳಿಗೆ ಹೊಂದುವಂಥದ್ದಲ್ಲ, ಹಾಗಾಗಿ ನಾವು ಅಂಕಿಯನ್ನು ಮೌಂಟ್ ಮಾಡುವವರ ಕೈಗೇ ಬಿಟ್ಟೆವು.