ಬಾಯಿಮಾತಿನಲ್ಲಿ ಹೇಳಿದ್ದು ದೂರು ಅಲ್ಲ

ಕುಂದಾಪುರದ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನಲ್ಲಿಗೆ ಆಸ್ಪತ್ರೆಯಲ್ಲಿ ದುಡಿಯುವ ಹೆಣ್ಣುಮಕ್ಕಳು ಬರುವುದು ಹೆಚ್ಚಾಗಿ ತಡವಾಗಿ. ಸ್ಟಾಫ್ ನರ್ಸ್ ಇರಲಿ, ಲ್ಯಾಬ್ ಟೆಕ್ನಿಷಿಯನ್ ಇರಲಿ, ಹೆರಿಗೆ ವಾರ್ಡಿನ ಡ್ಯೂಟಿ ಡಾಕ್ಟರೇ ಇರಲಿ, ಎಲ್ಲರದೂ ಒಂದೇ ಮಾತು: "ದೊಡ್ಡ ಮೇಡಂ ಹತ್ರ ಹೇಳಿದ್ದೆ. 'ಕಾಂಬ, ಗಡಿಬಿಡಿ ಮಾಡ್ಬೇಡ' ಅಂದ್ರ್." ಬರೆದುಕೊಟ್ಟಿದ್ದೀರಾ ಎಂದು ಕೇಳಿದರೆ ತಲೆ ತಗ್ಗುತ್ತದೆ. ಅಷ್ಟರೊಳಗೆ ಕಾನೂನು ಕೊಟ್ಟ ಅವಧಿ ಮುಗಿದಿರುತ್ತದೆ.

ಈ ನಷ್ಟ ಅವರೊಬ್ಬರದಲ್ಲ. ಕೊಲ್ಲೂರು, ಜಡ್ಕಲ್, ಮುದೂರಿನ ಬಸುರಿಗೆ ಹೆರಿಗೆ ಕಷ್ಟವಾದರೆ ಘಟ್ಟದ ಬುಡದಿಂದ ಕುಂದಾಪುರಕ್ಕೋ, ಅಲ್ಲಿಂದ ಮುಂದೆ ಉಡುಪಿ, ಮಣಿಪಾಲಕ್ಕೋ ಓಡಬೇಕು. ತಾಲೂಕಿನಲ್ಲಿರುವ ಬೆರಳೆಣಿಕೆಯ ಪ್ರಸೂತಿ ತಜ್ಞೆಯರಲ್ಲಿ ಒಬ್ಬರು ಬೇಸತ್ತು ಬಿಟ್ಟುಹೋದರೆ ಆ ದಾರಿ ಇನ್ನೂ ಉದ್ದವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಹೆಂಗಸರ, ಮಕ್ಕಳ ಚಿಕಿತ್ಸೆಗೆಂದೇ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದವರು ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯೆ ಡಾ. ಈವಾ ಲೊಂಬಾರ್ಡ್. ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಜನ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಅದು. ಹೆಣ್ಣೊಬ್ಬಳ ಮುಂದಾಳುತನದಲ್ಲಿ ಆಸ್ಪತ್ರೆ ಎದ್ದು ನೂರು ವರ್ಷ ಕಳೆದ ಮೇಲೂ, ಅದೇ ಜಿಲ್ಲೆಯಲ್ಲಿ ಹೆರಿಗೆ ಮಾಡಿಸುವ ಹೆಣ್ಣುಮಕ್ಕಳು ತಮ್ಮ ಹಕ್ಕಿನ ಬಗ್ಗೆ ಪಿಸುಮಾತಿನಲ್ಲಿ ಕೇಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಕಿರುಕುಳ: ಮೂರು ತಿಂಗಳ ಗಡುವು

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರಲ್ಲಿ ಬಂತು. ಕೆಲಸದ ಸ್ಥಳ ಎಂದರೆ ಯಾವುದು ಎಂದು ವಿವರಿಸುವಾಗ ಅದು ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳ ಹೆಸರನ್ನೇ ಹೇಳಿದೆ. ಕಾಯಂ ನೌಕರಿ ಬೇಕಾಗಿಲ್ಲ. ಗುತ್ತಿಗೆ, ಹೊರಗುತ್ತಿಗೆ, ದಿನಗೂಲಿ, ತರಬೇತಿ, ಸ್ವಯಂಸೇವೆ, ಎಲ್ಲವೂ ಸೇರುತ್ತವೆ. ಆಶಾ ಕಾರ್ಯಕರ್ತೆಗೂ ಈ ರಕ್ಷಣೆ ಇದೆ. "ನೀನು ಏಜೆನ್ಸಿಯವಳು, ನಮ್ಮ ಸಮಿತಿಗೂ ನಿನಗೂ ಸಂಬಂಧ ಇಲ್ಲ" ಎಂದು ಕಚೇರಿಯವರು ಹೇಳಿದರೆ ಅದು ಸುಳ್ಳು.

ಎಲ್ಲರೂ ಎಡವುವುದು ಗಡುವಿನಲ್ಲಿ. ಕಡೆಯ ಘಟನೆ ನಡೆದ ದಿನದಿಂದ ಮೂರು ತಿಂಗಳ ಒಳಗೆ ಲಿಖಿತ ದೂರು ಕೊಡಬೇಕು. ತಡವಾಗಲು ಕಾರಣವಿದ್ದರೆ ಸಮಿತಿ ಅದನ್ನು ಬರಹದಲ್ಲಿ ದಾಖಲಿಸಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಕೊಡಲೇಬೇಕೆಂದಿಲ್ಲ. ಆರು ತಿಂಗಳು ದಾಟಿದರೆ ಸಮಿತಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿಯ ಮೇಲೆ ಕೊಟ್ಟ ದೂರು ಬಿದ್ದುಹೋದದ್ದು ಹೀಗೆ. ಕಡೆಯ ಘಟನೆ 2023ರ ಏಪ್ರಿಲ್‌ನದು, ದೂರು ಕೊಟ್ಟದ್ದು ಡಿಸೆಂಬರ್‌ನಲ್ಲಿ. ನಡುವೆ ಆಗಸ್ಟ್‌ನಲ್ಲಿ ತನ್ನನ್ನು ಹುದ್ದೆಯಿಂದ ಇಳಿಸಿದ್ದು ಅದೇ ಕಿರುಕುಳದ ಮುಂದುವರಿಕೆ ಎಂದು ಅವರು ವಾದಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಆಡಳಿತದ ಕ್ರಮ, ಅವಧಿ ಮೀರಿದ ದೂರು ನಿಲ್ಲುವುದಿಲ್ಲ ಎಂದಿತು. ಆ ತೀರ್ಪು ಕುಲಪತಿಯ ಸ್ವವಿವರದ ಭಾಗವಾಗಿರಬೇಕು ಎಂದು ಕೋರ್ಟ್ ಆದೇಶಿಸಿತು, ನಿಜ. ಆದರೆ ವಿಚಾರಣೆ ನಡೆಯಲಿಲ್ಲ. ಕಾನೂನು ಕಲಿಸುವವರಿಗೇ ಹೀಗಾದರೆ ರಾತ್ರಿ ಪಾಳಿ ಮುಗಿಸಿ ವಂಡ್ಸೆ ಬಸ್ ಹಿಡಿಯುವ ನರ್ಸಿನ ಗತಿ ಏನು?

ಆದ್ದರಿಂದ ಇದನ್ನು ಗಟ್ಟಿಯಾಗಿ ನೆನಪಿಡಿ: ಆಮೇಲೆ ಅವರು ರಜೆ ತಡೆದರು, ಡ್ಯೂಟಿ ಪಟ್ಟಿ ಬದಲಿಸಿದರು, ಆಪರೇಷನ್ ಥಿಯೇಟರಿನಿಂದ ಹೊರಗಿಟ್ಟರು ಎಂಬುದು ಹೊಸ ಘಟನೆಯಾಗಿ ಲೆಕ್ಕಕ್ಕೆ ಬರುತ್ತದೆಂದು ನಂಬಿ ಕೂರಬೇಡಿ. ಮೇಡಂಗೆ ಹೇಳಿದ ದಿನ, ಸಂಘದ ಪದಾಧಿಕಾರಿಗೆ ಫೋನ್ ಮಾಡಿದ ದಿನ, ಊರಿನ ಹಿರಿಯರು ಪಂಚಾಯ್ತಿ ಕೂಡಿಸಿದ ದಿನ, ಯಾವುದೂ ಲೆಕ್ಕಕ್ಕಿಲ್ಲ. ಕಾಗದ ಸಮಿತಿಯ ಕೈ ಸೇರಿದ ದಿನವೇ ದಿನ.

ದೂರು ಕೊಡುವುದು ಹೇಗೆ

1. ಘಟನೆ ನಡೆದ ದಿನ, ಜಾಗ, ಆಡಿದ ಮಾತು, ನೋಡಿದವರ ಹೆಸರು ಮತ್ತು ವಿಳಾಸ ಇಷ್ಟನ್ನು ನಿಮ್ಮದೇ ಕನ್ನಡದಲ್ಲಿ ಬರೆಯಿರಿ. ಛಾಪಾ ಕಾಗದ ಬೇಡ, ನೋಟರಿ ಬೇಡ, ಶುಲ್ಕವಿಲ್ಲ. ಅಫಿಡವಿಟ್ ಮಾಡಿಸಿಕೊಡುತ್ತೇನೆಂದು ಕೋರ್ಟಿನ ಹೊರಗೆ ಹಣ ಕೇಳುವವರನ್ನು ದೂರ ಇಡಿ. ನಿಯಮದ ಪ್ರಕಾರ ದಾಖಲೆ ಸಹಿತ ಆರು ಪ್ರತಿ ಬೇಕು. ಪ್ರತಿ ಕಡಿಮೆ ಇದೆಯೆಂದು ಯಾರಾದರೂ ವಾಪಸ್ ಕಳಿಸಿದರೆ ಹಾಗೆ ಬರೆದುಕೊಡಲು ಹೇಳಿ. ಸ್ವತಃ ಬರೆಯಲಾಗದಿದ್ದರೆ ಸಮಿತಿಯೇ ನೆರವು ಕೊಡಬೇಕು. ಆ ಕರ್ತವ್ಯ ಕಾನೂನಿನದು, ಅವರ ಔದಾರ್ಯದ್ದಲ್ಲ.

2. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು; ದೂರು ಅಲ್ಲಿಗೆ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಆಸ್ಪತ್ರೆಯ ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಡಾಕ್ಟರೇ ಮಾಲೀಕ, ಅವರ ಮನೆಯವರೇ ಆಡಳಿತ. ಅಂಥ ಕಡೆ ಒಳಗೆ ದೂರು ಕೊಟ್ಟು ದಿನ ಕಳೆಯಬೇಡಿ.

3. ಸ್ಥಳೀಯ ಸಮಿತಿಗೆಂದು ಕೊಲ್ಲೂರಿನಿಂದ ಮಣಿಪಾಲದ ರಜತಾದ್ರಿಯ ಜಿಲ್ಲಾಧಿಕಾರಿ ಕಚೇರಿಯವರೆಗೆ ಅಲೆಯಬೇಕಾಗಿಲ್ಲ. ಪ್ರತಿ ತಾಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅವರು ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ತಲುಪಿಸಬೇಕು. ಯಾರೆಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. "ಇಲ್ಲಿ ಅಂಥವರು ಯಾರೂ ಇಲ್ಲ" ಎಂಬ ಉತ್ತರ ಬಂದರೆ ಜಗಳಕ್ಕೆ ನಿಲ್ಲಬೇಡಿ. ಜಿಲ್ಲಾಧಿಕಾರಿ ಕಚೇರಿಯ ವಿಳಾಸಕ್ಕೆ ಅಂದೇ ಅಂಚೆಗೆ ಹಾಕಿ. ಪ್ರತಿ ಜಿಲ್ಲೆಗೂ ಜಿಲ್ಲಾ ಅಧಿಕಾರಿಯನ್ನು, ಸ್ಥಳೀಯ ಸಮಿತಿಯನ್ನು, ತಾಲೂಕಿಗೆ ನೋಡಲ್ ಅಧಿಕಾರಿಯನ್ನು ನೇಮಿಸಿ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿ ಹೇಳಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೆ! ಇಷ್ಟು ಕಾಲ ಕುರ್ಚಿಯಲ್ಲಿ ಕೂತವರು ಏನು ಮಾಡುತ್ತಿದ್ದರು ಎಂದು ಕೇಳುವ ಹಕ್ಕು ನಮಗಿದೆ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

4. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿ. ಹಾಕುವುದಿಲ್ಲ ಎಂದರೆ ಅಂಚೆ ಕಚೇರಿಗೆ ನಡೆಯಿರಿ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್, ಜತೆಗೆ ತಲುಪಿದ್ದಕ್ಕೆ ಪುರಾವೆ ಬೇಕು ಎಂದು ಕೇಳಿ. ಯಾವ ಸಮಿತಿ ಎಂಬ ಗೊಂದಲವಿದ್ದರೆ ಎರಡಕ್ಕೂ ಕಳಿಸಿ. ಸಮಿತಿ ಇದೆಯೋ ಇಲ್ಲವೋ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಉತ್ತರಕ್ಕೆ ಕಾಯುವವರಿದ್ದಾರೆ. ಬೇಡ. ಆ ಉತ್ತರಕ್ಕೆ ಮೂವತ್ತು ದಿನ, ಮೇಲ್ಮನವಿಗೆ ಮತ್ತೆ ಅಷ್ಟೇ. ನಿಮ್ಮ ಮೂರು ತಿಂಗಳು ಅಲ್ಲೇ ಕರಗುತ್ತದೆ. ಮೊದಲು ದೂರು, ಆಮೇಲೆ ಮಾಹಿತಿ ಹಕ್ಕು.

ವಾರಕ್ಕೊಮ್ಮೆ ಬೇರೆ ಆಸ್ಪತ್ರೆಯಿಂದ ಬರುವ ತಜ್ಞರ ವಿಷಯ ನನ್ನನ್ನು ಆಗಾಗ ಕೇಳುತ್ತಾರೆ. "ಅವರು ನಮ್ಮ ನೌಕರರಲ್ಲ" ಎಂದು ಆಡಳಿತ ಕೈ ಝಾಡಿಸುತ್ತದೆ. ಆರೋಪಿ ಬೇರೆ ಸಂಸ್ಥೆಯವನಾದರೂ ಹೆಣ್ಣುಮಗಳ ಸಂಸ್ಥೆಯ ಸಮಿತಿಯೇ ವಿಚಾರಿಸಬಹುದು ಎಂದು 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ರೋಗಿಯ ಕಡೆಯವರು ಕಿರುಕುಳ ಕೊಟ್ಟರೂ ರಕ್ಷಣೆ ಕೊಡುವ ಹೊಣೆ ಆಸ್ಪತ್ರೆಯದೇ. ನೀವು ಪೊಲೀಸ್ ದೂರಿಗೆ ಮುಂದಾದರೆ ಆಸ್ಪತ್ರೆಯವರು ನೆರವಾಗಬೇಕು.

ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ, ಅಥವಾ ಇಬ್ಬರಲ್ಲಿ ಒಬ್ಬರ ವರ್ಗಾವಣೆ ಕೇಳಬಹುದು. ಇದನ್ನೂ ಬರೆದೇ ಕೇಳಬೇಕು. ಮತ್ತು ಎಚ್ಚರ: ನಿಮ್ಮನ್ನೇ ದೂರದ ಉಪಕೇಂದ್ರಕ್ಕೆ ಎತ್ತಿಹಾಕಿ "ನೀವೇ ಕೇಳಿದ್ದಲ್ಲವೇ" ಎನ್ನುವವರಿದ್ದಾರೆ. ಯಾರ ವರ್ಗಾವಣೆ ಬೇಕೆಂದು ಹೆಸರು ಹಿಡಿದು ಬರೆಯಿರಿ. ರಾಜಿಗೆ ದಾರಿಯಿದೆ, ಆದರೆ ಹೆಣ್ಣುಮಗಳು ತಾನಾಗಿ ಕೇಳಿದರೆ ಮಾತ್ರ; ರಾಜಿಯಲ್ಲಿ ಹಣದ ವ್ಯವಹಾರ ಕೂಡದು. ದುಡ್ಡಿನ ಲಕೋಟೆ ಹಿಡಿದು ಮನೆಗೆ ಬರುವ ಮಧ್ಯವರ್ತಿ ನಿಮ್ಮ ಪ್ರಕರಣವನ್ನೇ ಕೊಲ್ಲಲು ಬಂದವನು. ದೂರು ಸಾಬೀತಾಗದಿದ್ದರೆ ನಿಮಗೇ ಶಿಕ್ಷೆ ಎಂದು ಹೆದರಿಸುವವನೂ ಅವನೇ. ಪುರಾವೆ ಸಾಲದೆ ಹೋದ ಮಾತ್ರಕ್ಕೆ ಶಿಕ್ಷೆಯಿಲ್ಲ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಿದ್ಧವಾದರಷ್ಟೇ ಕ್ರಮ.

ಗಡುವು ಆಗಲೇ ಮೀರಿದೆಯೇ? ಎದೆಗುಂದಬೇಡಿ. ಸಮಿತಿಯ ಬಾಗಿಲು ಮುಚ್ಚಿದರೂ ಪೊಲೀಸ್ ಠಾಣೆಯದು ತೆರೆದಿದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನ ಲೈಂಗಿಕ ಕಿರುಕುಳಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿರುವ ಕಡೆ ಪ್ರಕರಣಕ್ಕೂ ಮೂರು ವರ್ಷದ ಅವಧಿ ಇದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯದಾದರೂ ನೀವಿರುವ ಕಡೆಯ ಠಾಣೆಯಲ್ಲೇ ಎಫ್‌ಐಆರ್ ಮಾಡಿಸಬಹುದು.

ಹೆರಿಗೆ ರಜೆ: ರಾಜೀನಾಮೆಗೆ ಸಹಿ ಹಾಕಬೇಡಿ

ಹೆರಿಗೆ ವಾರ್ಡಿನಲ್ಲಿ ದುಡಿಯುವವರೇ ಹೆರಿಗೆ ರಜೆ ಕಳೆದುಕೊಳ್ಳುವುದನ್ನು ನೋಡಿದ್ದೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹಕ್ಕು ಹಾಗೆಯೇ ಇದೆ: ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಂಬಳ ಸಹಿತ 26 ವಾರ. ಇಬ್ಬರು ಮಕ್ಕಳಿದ್ದ ಮೇಲಿನ ಹೆರಿಗೆಗೆ 12 ವಾರ. ಇಎಸ್‌ಐ ಕಡಿತವಾಗುತ್ತಿದ್ದರೆ ಹಣ ಕೊಡುವುದು ಆಸ್ಪತ್ರೆಯಲ್ಲ, ಇಎಸ್‌ಐ ನಿಗಮ. ಅರ್ಜಿ ಅಲ್ಲಿಗೆ ಹೋಗಬೇಕು. ರಾಜ್ಯ ಸರ್ಕಾರದ ಕಾಯಂ ನೌಕರರಿಗೆ ಸೇವಾ ನಿಯಮದಂತೆ 180 ದಿನ.

ಬಲೆ ಇರುವುದು ಗುತ್ತಿಗೆಯವರಿಗೆ. ಹೊಟ್ಟೆ ಕಾಣತೊಡಗಿದಾಗ ಏಜೆನ್ಸಿಯವರು ಬರುತ್ತಾರೆ: "ಒಂದು ರಾಜೀನಾಮೆ ಬರೆದಿಡಿ, ಹೆರಿಗೆ ಆದ ಮೇಲೆ ಮತ್ತೆ ತಕ್ಕೊಳ್ತೇವೆ." ಆ ಕಾಗದಕ್ಕೆ ಸಹಿ ಹಾಕಿದ ದಿನವೇ ನಿಮ್ಮ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ. ಬಸುರಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನಿಮ್ಮ ಕೈಯಲ್ಲಿ ಬರೆಸಿಕೊಳ್ಳುವುದು.

ಗುತ್ತಿಗೆ ರಜೆಯ ನಡುವೆ ಮುಗಿದರೆ? ದೆಹಲಿಯ ಜನಕಪುರಿಯ ಸರ್ಕಾರಿ ಆಸ್ಪತ್ರೆಯ ಪೆಥಾಲಜಿ ವಿಭಾಗದ ಹಿರಿಯ ರೆಸಿಡೆಂಟ್ ಡಾ. ಕವಿತಾ ಯಾದವ್ 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದ್ದರು. ಗುತ್ತಿಗೆ ಜೂನ್ 11ಕ್ಕೆ ಮುಗಿಯುತ್ತದೆಂದು ಆಸ್ಪತ್ರೆ ಹನ್ನೊಂದು ದಿನವಷ್ಟೇ ಒಪ್ಪಿತು. ಗುತ್ತಿಗೆ ಮುಗಿದರೂ ಪೂರ್ತಿ 26 ವಾರದ ಸೌಲಭ್ಯ ಕೊಡಿ ಎಂದು 2023ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ಹೇಳಿತು. ಚಂಡೀಗಢದ ಪಿಜಿಐ ಆಸ್ಪತ್ರೆಯ ನರ್ಸ್ ದೀಪಿಕಾ ಸಿಂಗ್ ಅವರಿಗೆ, ಗಂಡನ ಮೊದಲ ಮದುವೆಯ ಮಕ್ಕಳ ಆರೈಕೆಗೆ ರಜೆ ಪಡೆದಿದ್ದಾರೆಂಬ ಕಾರಣ ಕೊಟ್ಟು ಸ್ವಂತ ಹೆರಿಗೆಯ ರಜೆ ತಡೆದಿದ್ದರು. 2022ರಲ್ಲಿ ಅವರೂ ಗೆದ್ದರು. ಇಬ್ಬರೂ ಗೆದ್ದದ್ದು ಕಾಗದದ ಬಲದಿಂದ. ರಜೆ ಅರ್ಜಿಯಿತ್ತು, ತಿರಸ್ಕರಿಸಿದ ಉತ್ತರವಿತ್ತು. ನಿಮ್ಮ ಅರ್ಜಿಯನ್ನೂ ವಿಷಯ ನಿರ್ವಾಹಕರ ಮೇಜಿನ ಮೇಲಿಟ್ಟು ಬರಬೇಡಿ. ಸ್ವೀಕೃತಿ ಪಡೆದು ಬನ್ನಿ. ರಜೆ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಸಮಿತಿಯ ಅಧ್ಯಕ್ಷತೆ ವಹಿಸಿದ ವೈದ್ಯೆಯರಿಗೆ

ಆಂತರಿಕ ಸಮಿತಿಗೆ ಹಿರಿಯ ಹುದ್ದೆಯ ಮಹಿಳೆಯೇ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಆಸ್ಪತ್ರೆಯಲ್ಲಿ ಈ ಹೊಣೆ ಅನೇಕ ಸಲ ಪ್ರಸೂತಿ ವಿಭಾಗದ ಹಿರಿಯ ವೈದ್ಯೆಗೆ ಬರುತ್ತದೆ. ಆಡಳಿತದವರು ಇದನ್ನು ಗೋಡೆಗೆ ಅಂಟಿಸುವ ಹೆಸರಿನ ಪಟ್ಟಿಯಷ್ಟೇ ಎಂದುಕೊಂಡಿದ್ದಾರೆ. ನೀವು ಹಾಗೆಂದುಕೊಳ್ಳಬೇಡಿ, ಡಾಕ್ಟರೇ. ಸಾಕ್ಷಿಯನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ನಿಮ್ಮ ಸಮಿತಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. 90 ದಿನದಲ್ಲಿ ವಿಚಾರಣೆ ಮುಗಿಸಿ, ಮುಗಿದ 10 ದಿನದಲ್ಲಿ ವರದಿ ಕೊಡಿ. ಅದರ ಮೇಲೆ ಮಾಲೀಕರು 60 ದಿನದಲ್ಲಿ ಕ್ರಮ ಕೈಗೊಳ್ಳಬೇಕು. ವಿಚಾರಣೆಯಲ್ಲಿ ನೀವು ಸೇರಿ ಕನಿಷ್ಠ ಮೂವರು ಸದಸ್ಯರು ಕೂತಿರಬೇಕು. ಎರಡೂ ಕಡೆಗೆ ವಕೀಲರನ್ನು ಕರೆತರಲು ಅವಕಾಶವಿಲ್ಲ. ಹೆಸರು ಹೊರಬೀಳದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಹುಡುಗಿಯೊಬ್ಬಳು ಬಂದು ಬಾಯಲ್ಲಿ ಹೇಳಿಕೊಂಡರೆ ಸಮಾಧಾನ ಹೇಳಿ ಕಳಿಸಬೇಡಿ. "ಕಾಂಬ" ಎನ್ನುವ ನಿಮ್ಮ ಮಾತಿನಲ್ಲಿ ಪ್ರೀತಿಯೇ ಇರಬಹುದು, ಆದರೆ ಅದನ್ನು ನಂಬಿ ಅವಳು ಕಾಯುತ್ತಾಳೆ, ಅವಳ ಅವಧಿ ಓಡುತ್ತಿರುತ್ತದೆ. ಕುರ್ಚಿ ಕೊಟ್ಟು, ಕಾಗದ ಪೆನ್ನು ಕೊಟ್ಟು, ಅಂದೇ ಬರೆಸಿ, ಸ್ವೀಕೃತಿ ಕೊಟ್ಟು ಕಳಿಸಿ. ವಿಭಾಗ ಮುನ್ನಡೆಸುವ ಹೆಂಗಸು ತನ್ನ ಕೈಕೆಳಗಿನವರಿಗೆ ಮಾಡಬಹುದಾದ ದೊಡ್ಡ ಉಪಕಾರ ಅದು.

ಕೆಲಸದಲ್ಲಿರುವ ಹೆಣ್ಣುಮಕ್ಕಳಿಗೆ ಕಡೆಯದಾಗಿ: ವಕೀಲರ ಫೀಸಿಗೆ ಹೆದರಿ ಕೂರಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆ ಎಂಬ ಒಂದೇ ಕಾರಣಕ್ಕೆ ನಿಮಗೆ ಉಚಿತ ಕಾನೂನು ನೆರವಿದೆ. ಕುಂದಾಪುರದ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಏನೂ ತೊಂದರೆ ಇಲ್ಲದವರೂ ಈ ವಾರ ಒಂದು ಕೆಲಸ ಮಾಡಿ: ನಿಮ್ಮ ಆಸ್ಪತ್ರೆಯ ಸಮಿತಿಯ ಆದೇಶವನ್ನು ಗೋಡೆಯ ಮೇಲೆ ಹುಡುಕಿ. ಅದನ್ನು ಎದ್ದು ಕಾಣುವಂತೆ ಹಾಕುವುದು ಕಡ್ಡಾಯ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಆಡಳಿತಕ್ಕೆ ಬರೆದು ಕೇಳಿ. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ ಎಂಬುದನ್ನೂ ಆ ಪತ್ರದಲ್ಲೇ ಬರೆಯಿರಿ, ತಾರೀಕು ಹಾಕಿ.